ಕ್ಯಾಂಪಸ್ಸಿನಲ್ಲಿ ಗಂಡುಮಕ್ಕಳ ಉಡುಪು: ನಿಯಮ ಎಲ್ಲಿಗೆ ನಿಲ್ಲಬೇಕು?

ಪದವಿ ತರಗತಿಗಳು ಆರಂಭವಾಗುವ ದಿನಗಳಲ್ಲಿ ನಮ್ಮ ಅನೇಕ ಕಾಲೇಜುಗಳ ಸೂಚನಾ ಫಲಕದ ಮೇಲೆ ಉಡುಪಿನ ಬಗ್ಗೆ ಒಂದು ಸುತ್ತೋಲೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಭಾಗ ಉದ್ದವಾಗಿರುತ್ತದೆ: ತೋಳು ಎಷ್ಟಿರಬೇಕು, ದುಪಟ್ಟಾ ಹೇಗಿರಬೇಕು, ಲೆಗ್ಗಿಂಗ್ಸ್ ತೊಡಬಹುದೋ ಇಲ್ಲವೋ. ಗಂಡುಮಕ್ಕಳ ಪಾಲಿಗೆ ಬರುವುದು ಎರಡು ಸಾಲು. ಹರಿದ ಜೀನ್ಸ್, ಟೀ ಶರ್ಟ್ ಬೇಡ; ಇನ್‌ಶರ್ಟ್ ಮಾಡಿ, ಗಡ್ಡ ತೆಗೆಸಿ ಬನ್ನಿ. ಉಡುಪಿನ ಚರ್ಚೆ ಎಂದರೆ ಹೆಣ್ಣುಮಕ್ಕಳ ಉಡುಪಿನ ಚರ್ಚೆ ಎಂದೇ ನಾವು ಮಾಡಿಕೊಂಡಿದ್ದೇವೆ. ಹಾಗಾಗಿ ಹುಡುಗರ ಬಟ್ಟೆಯ ಬಗ್ಗೆ ಗಂಭೀರವಾಗಿ ಯೋಚಿಸಿದವರು ಕಡಿಮೆ. ಆಡಳಿತದವರೂ ಯೋಚಿಸಿಲ್ಲ, ಹುಡುಗರೂ ಯೋಚಿಸಿಲ್ಲ. ಎರಡೂ ಕಡೆಯವರು ಯೋಚಿಸಲೇಬೇಕಾದ ಕಾಲ ಇದು.

ನನ್ನ ವಾದ ಇಷ್ಟು. ಕಾರಣವನ್ನು ವಿದ್ಯಾರ್ಥಿಯ ಮುಖ ನೋಡಿ ಹೇಳಲು ಸಾಧ್ಯವಿರುವ ನಿಯಮವನ್ನು ಮಾತ್ರ ವಿಶ್ವವಿದ್ಯಾಲಯ ಮಾಡಬೇಕು. ಉಳಿದದ್ದನ್ನು ಅವನ ವಿವೇಚನೆಗೆ ಬಿಡಬೇಕು. ಹಾಗೆ ಬಿಟ್ಟುಕೊಟ್ಟ ಜಾಗದಿಂದಲೇ ಅವನ ಹೊಣೆ ಶುರುವಾಗುತ್ತದೆ. ತಾನು ತೊಟ್ಟದ್ದು ಪಕ್ಕದಲ್ಲಿ ಕೂತವರ ಮೇಲೆ ಯಾವ ಪರಿಣಾಮ ಮಾಡುತ್ತಿದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು.

ಮೊದಲು ವಯಸ್ಸಿನ ಮಾತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪದವಿ ತರಗತಿಯಲ್ಲಿ ಕೂತ ಬಹುತೇಕ ಹುಡುಗರು ಶಾಸಕರನ್ನೂ ಸಂಸದರನ್ನೂ ಆರಿಸಬಲ್ಲವರು. ಸರ್ಕಾರವನ್ನು ಆರಿಸುವಷ್ಟು ಬುದ್ಧಿ ಬಂದಿದೆ ಎಂದು ದೇಶವೇ ಒಪ್ಪಿಕೊಂಡವನಿಗೆ ಅಂಗಿ ಆರಿಸುವ ಬುದ್ಧಿ ಇಲ್ಲ ಎಂದು ಕಾಲೇಜು ತೀರ್ಮಾನಿಸುವುದು ನ್ಯಾಯವಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಉಡುಪನ್ನೂ ಸೇರಿಸಿ ಮಾತಾಡಿತು. ಶಾಲೆಯ ಮಕ್ಕಳಿಗೆ ಸಮವಸ್ತ್ರ ಬೇಕು ಎನ್ನುವುದಕ್ಕೆ ಬೇರೆ ಕಾರಣಗಳಿವೆ, ಅವು ಒಪ್ಪತಕ್ಕವೂ ಹೌದು. ವಯಸ್ಕರು ಓದುವ ಜಾಗಕ್ಕೆ ಅವನ್ನೇ ಎತ್ತಿ ತಂದು ಕೂರಿಸಲು ಬರುವುದಿಲ್ಲ.

ಹಕ್ಕು ಇದೆ ಎಂದ ಮಾತ್ರಕ್ಕೆ ನಿಯಮವೇ ಬೇಡ ಎಂದಲ್ಲ. ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿಗೆ ಹೋಗಿ ನೋಡಿ. ಲೇತ್ ಯಂತ್ರದ ಮುಂದೆ ನಿಂತವನ ತೋಳು ಸಡಿಲವಾಗಿ ಜೋಲುತ್ತಿದ್ದರೆ, ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ ನೇತಾಡುತ್ತಿದ್ದರೆ, ತಿರುಗುವ ಯಂತ್ರ ಅದನ್ನು ಸುತ್ತಿಕೊಂಡು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ತೋಳು ಮಡಿಸು, ಶೂ ಹಾಕು, ಕೊರಳಲ್ಲಿ ಏನೂ ಇರಬಾರದು ಎಂದರೆ ಯಾರೂ ಎದುರಾಡುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹತ್ತಿಯ ಅಪ್ರಾನ್ ತೊಡಿಸುವುದಕ್ಕೂ ಕಾರಣವಿದೆ. ಬೆಂಕಿ ತಗಲಿದಾಗ ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಹತ್ತಿ ಹಾಗೆ ಅಂಟುವುದಿಲ್ಲ. ಆಸಿಡ್ ತುಳುಕಿದರೆ ಹವಾಯಿ ಚಪ್ಪಲಿ ಕಾಲನ್ನು ಕಾಯುವುದಿಲ್ಲ. ಇಂಥ ನಿಯಮಗಳ ಹಿಂದಿನ ಕಾರಣ ಒಂದು ನಿಮಿಷದಲ್ಲಿ ಹೇಳಿ ಮುಗಿಯುವಂಥದ್ದು. ಕೇಳಿದ ವಿದ್ಯಾರ್ಥಿ ಅದನ್ನು ಒಪ್ಪುತ್ತಾನೆ, ಮುಂದೆ ಕಾರ್ಖಾನೆಯಲ್ಲಿ ತನ್ನ ಕೈಕೆಳಗಿನವರಿಗೂ ಹೇಳುತ್ತಾನೆ. ನಿಯಮ ಶಿಕ್ಷಣದ ಭಾಗವಾಗುವುದು ಹೀಗೆ.

ಇದರ ಪಕ್ಕದಲ್ಲಿ ಬ್ಲೇಜರಿನ ನಿಯಮವನ್ನು ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ಅಷ್ಟು ಉಷ್ಣಾಂಶವಿಲ್ಲದಿದ್ದರೂ ಸೆಕೆಗೆ ಅಂಗಿ ಮೈಗೆ ಅಂಟುತ್ತದೆ. ಇಂಥ ಊರುಗಳಲ್ಲೂ ಮ್ಯಾನೇಜ್‌ಮೆಂಟ್ ಓದುವ ಹುಡುಗರಿಗೆ ಟೈ, ಬ್ಲೇಜರ್ ಕಡ್ಡಾಯ ಮಾಡುವ ಕಾಲೇಜುಗಳಿವೆ. ಕೇಳಿದರೆ, ಕಂಪನಿಗಳು ಬಯಸುವುದು ಇದನ್ನೇ, ಈಗಿನಿಂದಲೇ ರೂಢಿಯಾಗಲಿ ಎಂಬ ಉತ್ತರ ಬರುತ್ತದೆ. ಆದರೆ ಟೈ ಕಟ್ಟಿದ ಉದ್ಯೋಗಿಗಳಿಗೆ ಹೆಸರಾಗಿದ್ದ ಇನ್ಫೋಸಿಸ್ ಕಂಪನಿಯೇ 2015ರ ಜೂನ್‌ನಲ್ಲಿ ಆ ಕಟ್ಟುಪಾಡನ್ನು ಸಡಿಲಿಸಿ, ವಾರವಿಡೀ ಹಗುರ ಉಡುಪಿನಲ್ಲಿ ಬರಲು ಅನುಮತಿ ಕೊಟ್ಟಿತು. ಉದ್ಯಮ ಕೈಬಿಟ್ಟದ್ದನ್ನು ಉದ್ಯಮದ ಹೆಸರಿನಲ್ಲಿ ಕಾಲೇಜು ಹಿಡಿದುಕೊಂಡಿದೆ. ಸಂದರ್ಶನಕ್ಕೆ ಹೇಗೆ ಹೋಗಬೇಕು ಎಂದು ಕಲಿಸಲು ಒಂದು ಮಧ್ಯಾಹ್ನ ಸಾಕು. ಎರಡು ವರ್ಷ ಬೆವರುವ ಅಗತ್ಯವಿಲ್ಲ.

ಕಾರಣ ಮರೆತ ನಿಯಮ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪರೀಕ್ಷಾ ಕೊಠಡಿಗಳ ಬಾಗಿಲಲ್ಲಿ ನೋಡಿದ್ದೇವೆ. 2023ರಲ್ಲಿ ನೇಮಕಾತಿ ಪರೀಕ್ಷೆಯೊಂದರಲ್ಲಿ ಬ್ಲೂಟೂತ್ ಬಳಸಿ ನಕಲು ಮಾಡಿದ ಪ್ರಕರಣ ಕಲಬುರಗಿ ಭಾಗದಲ್ಲಿ ಬಯಲಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಉಡುಪಿನ ನಿಯಮ ಬಿಗಿ ಮಾಡಿತು. ಗಂಡಸರಿಗೆ ತುಂಬು ತೋಳಿನ ಅಂಗಿ ಬೇಡ, ಶೂ ಬೇಡ ಎಂದಿತು. ಬಟ್ಟೆಯೊಳಗೆ ಸಾಧನ ಬಚ್ಚಿಡುವುದನ್ನು ತಡೆಯಲು ಮಾಡಿದ ಈ ನಿಯಮಕ್ಕೆ ಅರ್ಥವಿತ್ತು. ಆದರೆ 2025ರ ಏಪ್ರಿಲ್‌ನ ಸಿಇಟಿ ವೇಳೆ ಶಿವಮೊಗ್ಗ ಮತ್ತು ಬೀದರ್‌ನ ಪರೀಕ್ಷಾ ಕೇಂದ್ರಗಳಲ್ಲಿ ಹುಡುಗರಿಗೆ ಜನಿವಾರ ತೆಗೆಯುವಂತೆ ಹೇಳಿದ ಘಟನೆಗಳು ನಡೆದವು. ಬೀದರ್‌ನ ವಿದ್ಯಾರ್ಥಿಗೆ ಗಣಿತದ ಪರೀಕ್ಷೆಯೇ ತಪ್ಪಿಹೋಯಿತು. ಮೂರೆಳೆ ನೂಲಿನೊಳಗೆ ಯಾವ ಯಂತ್ರವನ್ನೂ ಅಡಗಿಸಲಾಗದು. ಬಾಗಿಲಲ್ಲಿ ನಿಂತವರಿಗೆ ಬೇಡದ ವಸ್ತುಗಳ ಪಟ್ಟಿ ಗೊತ್ತಿತ್ತು, ಅವು ಯಾಕೆ ಬೇಡ ಎಂಬುದು ಗೊತ್ತಿರಲಿಲ್ಲ. ಕಾರಣ ತಿಳಿಯದವರ ಕೈಗೆ ಸಿಕ್ಕ ನಿಯಮ ಯಾವ ಧರ್ಮದ, ಯಾವ ಜಾತಿಯ ಮಗುವನ್ನಾದರೂ ಅವಮಾನಿಸಬಲ್ಲದು.

ಸಮವಸ್ತ್ರದ ಪರವಾಗಿ ಇರುವ ಗಟ್ಟಿಯಾದ ವಾದ ಸಮಾನತೆಯದು. ಉಳ್ಳವರ ಮಕ್ಕಳ ಬ್ರ್ಯಾಂಡೆಡ್ ಅಂಗಿಯ ಎದುರು ಬಡವರ ಮಕ್ಕಳು ಕುಗ್ಗಬಾರದು, ಎಲ್ಲರೂ ಒಂದೇ ಬಣ್ಣದಲ್ಲಿ ಕೂರಲಿ ಎನ್ನುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಹಾಸ್ಟೆಲಿನಲ್ಲಿದ್ದು ಓದುವ, ಎರಡು ಪ್ಯಾಂಟು ಮೂರು ಅಂಗಿಯಲ್ಲಿ ವರ್ಷ ದೂಡುವ ಹುಡುಗರು ನಮ್ಮ ಸರ್ಕಾರಿ ಕಾಲೇಜುಗಳ ತುಂಬ ಇದ್ದಾರೆ. ರಜಾದಿನಗಳಲ್ಲಿ ಮದುವೆಮನೆಯ ಕ್ಯಾಟರಿಂಗಿಗೆ ಹೋಗಿ ಬಡಿಸುವ ಹುಡುಗನಿಗೆ ಅಲ್ಲಿ ತೊಡುವ ಬಿಳಿ ಅಂಗಿ, ಕಪ್ಪು ಪ್ಯಾಂಟೇ ಸೆಮಿನಾರಿಗೂ ಆಗಬೇಕು. ಅವನ ಸಂಕಟ ನಿಜ. ಆದರೆ ಸಮವಸ್ತ್ರ ಅದನ್ನು ಪರಿಹರಿಸುತ್ತದೆಯೇ? ಅಂಗಿ ಒಂದೇ ಆದರೂ ಶೂ ಬೇರೆ, ಮೊಬೈಲು ಬೇರೆ, ಬೈಕು ಬೇರೆ. ಮೇಲಾಗಿ ನಿಗದಿಪಡಿಸಿದ ಅಂಗಡಿಯಲ್ಲಿ ನಿಗದಿಪಡಿಸಿದ ಬೆಲೆಗೆ ಎರಡು ಜೊತೆ ಕೊಳ್ಳಬೇಕಾದಾಗ ಹೆಚ್ಚಿನ ಭಾರ ಬೀಳುವುದು ಆ ಹುಡುಗನ ಮನೆಯ ಮೇಲೆಯೇ. ಅವನಿಗೆ ಬೇಕಾದದ್ದು ಸಮಯಕ್ಕೆ ಬರುವ ವಿದ್ಯಾರ್ಥಿವೇತನ, ಒಳ್ಳೆಯ ಹಾಸ್ಟೆಲು, ಬಟ್ಟೆ ನೋಡಿ ಮನುಷ್ಯನನ್ನು ಅಳೆಯದ ಅಧ್ಯಾಪಕ.

ಸರಳತೆಯ ಉಪದೇಶ ಮಾಡುವವರೂ ಒಂದು ಮಾತು ನೆನಪಿಡಬೇಕು. ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದರು. ಬಡವರಿಗೆ ಇಲ್ಲದ ಬಟ್ಟೆ ತನಗೂ ಬೇಡ ಎಂಬುದು ಅವರ ನಿಲುವು. ಅಂಬೇಡ್ಕರ್ ಸಾರ್ವಜನಿಕ ಜೀವನದಲ್ಲಿ ಹೆಚ್ಚಾಗಿ ಸೂಟು ತೊಟ್ಟರು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ, ಜಾತಿಯನ್ನು ಸಾರುವ ರೀತಿಯಲ್ಲಿ ಸೀರೆ ಉಡುವುದನ್ನು ಬಿಡಿ ಎಂದು ಹೇಳಿದರು. ಬ್ಯಾರಿಸ್ಟರನ ಉಡುಪನ್ನು ಕಳಚಬಲ್ಲವನಿಗೆ ಕಳಚುವುದು ತ್ಯಾಗ. ಮೇಲುಕೇರಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲೂ ಬಿಡದಿದ್ದ ಜನರಿಗೆ ಇಸ್ತ್ರಿ ಮಾಡಿದ ಅಂಗಿ, ಮಿರುಗುವ ಶೂ ತೊಡುವುದು ಆತ್ಮಗೌರವ. ಮನೆತನದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹುಡುಗ ಚೆನ್ನಾಗಿ ಉಟ್ಟು ಬಂದರೆ ಅದನ್ನು ಶೋಕಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಆ ಅಂಗಿಯ ಹಿಂದೆ ಅವನ ಅಪ್ಪ ಅಮ್ಮನ ಹಲವು ತಿಂಗಳ ಕೂಲಿ ಇರುತ್ತದೆ, ಅದರ ಹಿಂದೆ ಹಲವು ತಲೆಮಾರುಗಳ ಬಯಕೆ ಇರುತ್ತದೆ.

ಸಂಸ್ಕೃತಿಯ ಹೆಸರಿನ ನಿಯಮಗಳ ಕಥೆ ಇನ್ನೂ ಗೊಂದಲದ್ದು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾದ ಕಾಲದ ಗುಂಪುಚಿತ್ರಗಳಲ್ಲಿ ಪಂಚೆ, ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು ಕಾಣುತ್ತವೆ. 1918ರಿಂದ ಕೆಲವು ವರ್ಷ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ ಅವರನ್ನು ಬಿಳಿ ಪೇಟ, ಉದ್ದ ಕೋಟಿಲ್ಲದೆ ನೆನೆಯುವುದೇ ಕಷ್ಟ. 1956ರಿಂದ 1960ರವರೆಗೆ ಕುಲಪತಿಯಾಗಿದ್ದು ಮಾನಸಗಂಗೋತ್ರಿಯನ್ನು ಕಟ್ಟಿದ ಕುವೆಂಪು ಬಿಳಿ ಪಂಚೆ, ಜುಬ್ಬಾದವರು. ಆಮೇಲೆ ಪ್ಯಾಂಟು ಬಂತು, ಬೆಲ್‌ಬಾಟಮ್ ಬಂತು, ಜೀನ್ಸ್ ಬಂತು. ಪ್ರತಿ ತಲೆಮಾರಿನ ಹಿರಿಯರೂ ಹೊಸ ಉಡುಪಿನಲ್ಲಿ ಶಿಸ್ತಿನ ನಾಶ ಕಂಡರು. ವಿಶ್ವವಿದ್ಯಾಲಯವೇನೂ ಬಟ್ಟೆಯಿಂದ ಕೆಡಲಿಲ್ಲ.

ಇವತ್ತಿನ ಸ್ಥಿತಿ ನೋಡಿ. ವರ್ಷಕ್ಕೊಮ್ಮೆ ‘ಎತ್ನಿಕ್ ಡೇ’ ಎಂದು ಹುಡುಗರು ಪಂಚೆ ಉಟ್ಟು ಶಲ್ಯ ಹೊದ್ದು ಫೋಟೊ ತೆಗೆಸಿಕೊಳ್ಳುತ್ತಾರೆ. ಮರುದಿನ ಅದೇ ಪಂಚೆಯಲ್ಲಿ ತರಗತಿಗೆ ಬಂದವನನ್ನು ಎಷ್ಟು ಕಾಲೇಜುಗಳು ಒಳಗೆ ಬಿಡುತ್ತವೆ? 2024ರ ಜುಲೈನಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ತಡೆದಾಗ ನಾಡಿನ ತುಂಬ ಆಕ್ರೋಶ ಎದ್ದಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ವೇಷ್ಟಿ ಉಟ್ಟ ಕಾರಣಕ್ಕೆ ಕ್ಲಬ್ಬೊಂದು ಒಳಗೆ ಬಿಡದಿದ್ದಾಗ, ಇಂಥ ತಡೆಯನ್ನು ನಿಷೇಧಿಸುವ ಕಾನೂನೇ ಬಂತು. ಮಾಲಿನ ವಿಷಯಕ್ಕೆ ಸಿಟ್ಟಾದ ನಾವು, ಅದೇ ರೈತರ ಮಕ್ಕಳು ಓದುವ ತರಗತಿಯಲ್ಲಿ ಪಂಚೆಗೆ ಜಾಗವಿದೆಯೇ ಎಂದು ಕೇಳಲಿಲ್ಲ. ಶುಭ್ರವಾದ ಪಂಚೆ ಅಂಗಿ ವರ್ಷದ ಎಲ್ಲ ದಿನವೂ ಕ್ಯಾಂಪಸ್ಸಿಗೆ ಸಲ್ಲುವ ಉಡುಪಾಗಬೇಕು. ನಮ್ಮ ಬಿಸಿಲಿಗೆ ಅದಕ್ಕಿಂತ ಹದವಾದದ್ದು ಕಡಿಮೆ.

ಪಂಚೆಯ ಪರ ಮಾತಾಡಲು ಜೀನ್ಸನ್ನು ಪರದೇಶಿ ಎಂದು ಹೀಗಳೆಯಬೇಕಾಗಿಲ್ಲ. ಜೀನ್ಸ್ ಹುಟ್ಟಿದ್ದು 1870ರ ದಶಕದ ಅಮೆರಿಕದಲ್ಲಿ, ಮೈಮುರಿದು ದುಡಿಯುವವರ ಗಟ್ಟಿ ಪ್ಯಾಂಟಾಗಿ. ಇವತ್ತು ನಮ್ಮ ಬಳ್ಳಾರಿಯ ನೂರಾರು ಸಣ್ಣ ಘಟಕಗಳಲ್ಲಿ ಅದನ್ನು ಹೊಲಿಯುತ್ತಾರೆ, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ಹಾಗೆಯೇ, ಭಾರತೀಯ ಉಡುಪಿನ ಬಗ್ಗೆ ಸುತ್ತೋಲೆ ಹೊರಡಿಸುವ ಸಂಸ್ಥೆಗಳು ಘಟಿಕೋತ್ಸವದಲ್ಲಿ ಯೂರೋಪಿನ ಕಪ್ಪು ನಿಲುವಂಗಿ ತೊಡಿಸುತ್ತಿದ್ದುದನ್ನೂ ಮರೆಯಬಾರದು. 2010ರಲ್ಲಿ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಭೋಪಾಲದ ಘಟಿಕೋತ್ಸವವೊಂದರಲ್ಲಿ ಅದನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಕಳಚಿ ಹಾಕಿದರು. 2015ರಲ್ಲಿ ಯುಜಿಸಿ ಇಂಥ ಸಮಾರಂಭಗಳಿಗೆ ಕೈಮಗ್ಗದ ಬಟ್ಟೆ ಬಳಸುವಂತೆ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಸಂಸ್ಥೆ ತಾನು ಮಾಡಬಹುದಾದದ್ದನ್ನು ಮೊದಲು ಮಾಡಲಿ, ಹುಡುಗನ ಪ್ಯಾಂಟಿನ ಮಾತು ಆಮೇಲೆ.

ಈಗ ಬಿಸಿಯಾದ ವಿಷಯಕ್ಕೆ ಬರುತ್ತೇನೆ. ಉಡುಪಿಯಿಂದ ಶುರುವಾಗಿ 2022ರ ಫೆಬ್ರವರಿಯ ಹೊತ್ತಿಗೆ ರಾಜ್ಯವಿಡೀ ಹರಡಿದ ಹಿಜಾಬ್ ವಿವಾದವನ್ನು ನಾವು ಹೆಣ್ಣುಮಕ್ಕಳ ಉಡುಪಿನ ವಿವಾದ ಎಂದೇ ನೆನಪಿಟ್ಟುಕೊಂಡಿದ್ದೇವೆ. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟು, ತರಗತಿಯಲ್ಲಿ ನಿಗದಿತ ಸಮವಸ್ತ್ರವನ್ನೇ ತೊಡಬೇಕೆಂಬ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದರೆ ಆ ದಿನಗಳ ಚಿತ್ರಗಳಲ್ಲಿ ಗಂಡುಮಕ್ಕಳ ಉಡುಪೂ ಇತ್ತು: ಹೆಗಲ ಮೇಲಿನ ಕೇಸರಿ ಶಾಲು. ಶಾಲು ತೊಡುವುದು ತಪ್ಪಲ್ಲ, ಕೇಸರಿ ಬಣ್ಣವೂ ತಪ್ಪಲ್ಲ. ಆದರೆ ಹಿಂದಿನ ವಾರದವರೆಗೆ ಅವರ ದಿನನಿತ್ಯದ ಉಡುಪಿನಲ್ಲಿ ಇಲ್ಲದಿದ್ದ ಆ ಶಾಲು, ಸಹಪಾಠಿಯೊಬ್ಬಳ ತಲೆಯ ಮೇಲಿನ ಬಟ್ಟೆಗೆ ಎದುರಾಗಿ ಹೆಗಲೇರಿತು. ಆ ಹೊತ್ತಿಗೆ ಅದು ಉಡುಪಾಗಿ ಉಳಿಯಲಿಲ್ಲ, ಅವಳನ್ನು ಹೆದರಿಸುವ ಸಾಧನವಾಯಿತು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಪ್ರತಿ ವರ್ಷ ನವೆಂಬರಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪನ ಮಾಲೆ ಹಾಕಿದ ಹುಡುಗರು ಕಪ್ಪು ಬಟ್ಟೆ ಉಟ್ಟು, ಗಡ್ಡ ಬಿಟ್ಟು, ಬರಿಗಾಲಲ್ಲಿ ತರಗತಿಗೆ ಬರುತ್ತಾರೆ. ಮೇಷ್ಟ್ರು ಆಕ್ಷೇಪಿಸುವುದಿಲ್ಲ, ಜೊತೆಯವರು ‘ಸ್ವಾಮಿ’ ಎಂದು ಕರೆದು ಜಾಗ ಬಿಡುತ್ತಾರೆ, ಪಾಠ ನಡೆಯುತ್ತದೆ. ಅವರ ಕಪ್ಪು ಬಟ್ಟೆ ಅವರ ವ್ರತಕ್ಕಾಗಿ ಇದೆ, ಯಾರ ವಿರುದ್ಧವೂ ಇಲ್ಲ. ತನ್ನ ನಂಬಿಕೆಗಾಗಿ ತೊಟ್ಟದ್ದು, ಇನ್ನೊಬ್ಬರ ವಿರುದ್ಧ ತೊಟ್ಟದ್ದು ಎಂಬ ಈ ವ್ಯತ್ಯಾಸ ಕ್ಯಾಂಪಸ್ಸಿಗೆ ತಿಳಿಯದ್ದೇನಲ್ಲ. ಮಾಲಾಧಾರಿಗೆ ತೋರಿಸುವ ಸೈರಣೆಯನ್ನು ಪೇಟ ಕಟ್ಟಿದವನಿಗೂ ಟೋಪಿ ಇಟ್ಟವನಿಗೂ ಹಿಜಾಬ್ ತೊಟ್ಟವಳಿಗೂ ತೋರಿಸಿದರೆ ನಿಯಮ ನ್ಯಾಯವಾಗುತ್ತದೆ. ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ತಪ್ಪಿಸಿದರೆ ಅದು ಪಕ್ಷಪಾತ.

ಹುಡುಗರ ಉಡುಪನ್ನು ಆಳುವ ಇನ್ನೊಂದು ಅಧಿಕಾರ ಕ್ಯಾಂಪಸ್ಸಿನೊಳಗೇ ಇದೆ, ಅದಕ್ಕೆ ಸುತ್ತೋಲೆ ಬೇಕಿಲ್ಲ. ವೃತ್ತಿಶಿಕ್ಷಣ ಕಾಲೇಜುಗಳ ಹಾಸ್ಟೆಲುಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ಕೂದಲು ಕತ್ತರಿಸು, ಬೆಲ್ಟು ಹಾಕಬೇಡ, ಇಂಥದ್ದೇ ಅಂಗಿ ತೊಡು ಎಂದು ಆಜ್ಞೆ ಮಾಡುವುದುಂಟು. ಇದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿಯಡಿ ಶಿಕ್ಷಾರ್ಹ. ಇದರ ಜೊತೆಗೆ ಕೂದಲು ಉದ್ದ ಬಿಟ್ಟವನನ್ನು, ಕಿವಿಗೆ ಓಲೆ ಇಟ್ಟವನನ್ನು, ಬಣ್ಣದ ಜುಬ್ಬಾ ಇಷ್ಟಪಡುವವನನ್ನು ‘ಗಂಡಸಿನ ಹಾಗೆ ಇರು’ ಎಂದು ದಿನವೂ ಚುಚ್ಚುವ ಗೆಳೆಯರ ಗುಂಪಿದೆ. ನಮ್ಮ ಅಜ್ಜಂದಿರು ಜುಟ್ಟು ಬಿಟ್ಟು, ಕಿವಿಗೆ ಹತ್ತಕಡಕು ಇಟ್ಟು ಬಾಳಿದವರು. ಅವರ ಗಂಡಸುತನವನ್ನು ಯಾರೂ ಪ್ರಶ್ನಿಸಲಿಲ್ಲ. ಇಂಥ ಚುಚ್ಚುಮಾತಿನಿಂದ ತರಗತಿ ತಪ್ಪಿಸುವ, ಓದು ಬಿಡುವ ಹುಡುಗರನ್ನು ಕಾಯುವುದು ಆಡಳಿತದ ಕೆಲಸ. ಇನ್‌ಶರ್ಟ್ ಪರಿಶೀಲನೆಗೆ ಗೇಟಿನಲ್ಲಿ ಜನ ನಿಲ್ಲಿಸುವ ಸಂಸ್ಥೆ ಆ ಶ್ರಮವನ್ನು ಇಲ್ಲಿ ಹಾಕಲಿ.

ಇಷ್ಟು ಹೇಳಿದ ಮೇಲೆ ಹುಡುಗರ ಕಡೆ ತಿರುಗಬೇಕು. ಸ್ವಾತಂತ್ರ್ಯ ಕೇಳುವವರು ಅದನ್ನು ಹೇಗೆ ಬಳಸಬೇಕು?

ಮೊದಲನೆಯದು ಶುಚಿ. ಬಟ್ಟೆ ಹಳೆಯದಾಗಿರಲಿ, ತೇಪೆ ಇರಲಿ, ಒಗೆದದ್ದಾಗಿರಬೇಕು. ಅದನ್ನು ತಾನೇ ಒಗೆದಿರಬೇಕು. ಮನೆಯಲ್ಲಿ ಅಮ್ಮನೋ ಅಕ್ಕನೋ ಒಗೆದು ಮಡಿಸಿಟ್ಟ ಅಂಗಿ ತೊಟ್ಟು ಬಂದು ಸಮಾನತೆಯ ಬಗ್ಗೆ ಭಾಷಣ ಮಾಡುವವನು ಮೊದಲ ಪಾಠವನ್ನೇ ಕಲಿತಿಲ್ಲ. ಎರಡನೆಯದು ಸಂದರ್ಭ. ಮೈದಾನದ ಬರ್ಮುಡಾ ವೈವಾ ಪರೀಕ್ಷೆಗೆ ಸಲ್ಲುವುದಿಲ್ಲ. ತನ್ನನ್ನು ಕೇಳಲು ಕೂತವರಿಗೆ ಗೌರವ ತೋರಿಸುವ ಒಂದು ದಾರಿ ಉಡುಪು, ಅದು ದುಬಾರಿಯಾಗಿರಬೇಕಿಲ್ಲ. ಮೂರನೆಯದು ಹಣ. ಕಂತಿನ ಮೇಲೆ ಶೂ ಕೊಂಡು ಅಪ್ಪನ ತಲೆಯ ಮೇಲೆ ಸಾಲ ಹೊರಿಸುವುದು ಬೇಡ. ಸ್ವಲ್ಪ ಹೆಚ್ಚು ಹಣವಿದ್ದವರು ಯಾರು ನೇಯ್ದರು, ಯಾರು ಹೊಲಿದರು ಎಂದು ವಿಚಾರಿಸಲಿ. ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೇಯ್ದು ಹೊಲಿದ ಕೈಮಗ್ಗದ ಜುಬ್ಬಾ ಒಂದು ಕೊಂಡರೆ ಹಣ ಹಳ್ಳಿಯ ದುಡಿಮೆಗೆ ದಕ್ಕುತ್ತದೆ, ಜುಬ್ಬಾ ವರ್ಷಗಟ್ಟಲೆ ಬಾಳುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೆಣ್ಣನ್ನು ಕೀಳಾಗಿಸುವ ಬರಹವಿರುವ ಟೀ ಶರ್ಟ್, ಜಾತಿಯ ಜಂಬ ಸಾರುವ ಅಕ್ಷರ, ಇನ್ನೊಬ್ಬರ ನಂಬಿಕೆಯನ್ನು ಕೆಣಕಲೆಂದೇ ಹೊದ್ದ ಬಟ್ಟೆ, ಇವನ್ನು ಯಾರೂ ನಿಷೇಧಿಸದಿದ್ದರೂ ತೊಡಬಾರದು. ಓದಲು ಬಂದ ಜಾಗದಲ್ಲಿ ಜೊತೆಗಾರರು ತನ್ನನ್ನು ಕಂಡು ಹೆದರಬಾರದು, ಕುಗ್ಗಬಾರದು. ಅಷ್ಟು ಎಚ್ಚರ ಇಲ್ಲದವನು ಎಷ್ಟು ನೀಟಾಗಿ ಇನ್‌ಶರ್ಟ್ ಮಾಡಿದರೂ ಶಿಸ್ತಿನವನಲ್ಲ.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ಸುತ್ತೋಲೆಯಲ್ಲಿ ಮೂರು ಸಾಲು ಸಾಕು. ಪ್ರಯೋಗಾಲಯ, ವರ್ಕ್‌ಶಾಪ್, ಆಸ್ಪತ್ರೆಗಳಲ್ಲಿ ಸುರಕ್ಷತೆಗೆ ಬೇಕಾದ ಉಡುಪು ಕಡ್ಡಾಯ. ಬಟ್ಟೆ ಶುಚಿಯಾಗಿರಲಿ. ಯಾರನ್ನೂ ಹೆದರಿಸುವ, ಅವಮಾನಿಸುವ ಬಟ್ಟೆ, ಬರಹ, ಚಿಹ್ನೆ ಬೇಡ. ಈ ಮೂರೂ ಹುಡುಗರಿಗೆ, ಹುಡುಗಿಯರಿಗೆ, ಅಧ್ಯಾಪಕರಿಗೆ ಒಂದೇ ರೀತಿ ಅನ್ವಯಿಸಬೇಕು. ಪ್ರತಿ ಸಾಲಿನ ಕೆಳಗೆ ಅದರ ಕಾರಣ ಬರೆದಿರಬೇಕು. ಅದನ್ನು ರೂಪಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳು ಇರಬೇಕು, ಹಾಸ್ಟೆಲಿನ ವಿದ್ಯಾರ್ಥಿಗಳಂತೂ ಇರಲೇಬೇಕು. ನಿಯಮ ಮುರಿದವನನ್ನು ಗೇಟಿನಿಂದ ವಾಪಸು ಕಳಿಸಬಾರದು. ಕರೆದು ಮಾತಾಡಿಸಬೇಕು, ಯಾಕೆಂದರೆ ಒಂದು ದಿನದ ಪಾಠಕ್ಕಿಂತ ದೊಡ್ಡದಾದ ಉಡುಪಿನ ನಿಯಮ ಇಲ್ಲ. ಕಾರಣ ಕೇಳುವುದನ್ನು ಕಲಿಸಲೆಂದೇ ವಿಶ್ವವಿದ್ಯಾಲಯಗಳು ಇರುವುದು. ತಮ್ಮದೇ ನಿಯಮದ ಕಾರಣ ಕೇಳಿದ ಹುಡುಗನಿಗೆ ಉತ್ತರ ಕೊಡಲು ಅವು ಸಿದ್ಧವಾಗಿರಬೇಕು, ಉತ್ತರ ಇಲ್ಲದಿದ್ದರೆ ಆ ನಿಯಮವನ್ನು ಕೈಬಿಡಲೂ ಸಿದ್ಧವಾಗಿರಬೇಕು.